ಎರಡು ಬೆರಳಿನ ಸಂದು

"ಮೂರು ಇಂಚು ಇಳಿಸಿಕೊಡು ಮಾರಾಯ. ಕಾರು ನೆಲಕ್ಕೆ ಹೊಟ್ಟೆ ಕೊಟ್ಟು ಮಲಗಿದ ಹಾಗೆ ಕಾಣ್ಬೇಕು."

ಬಾಳೂರು ಕಡೆಯ ಎಸ್ಟೇಟಿನ ಸಣ್ಣ ಸಾಹುಕಾರ್ರು ಹೀಗಂದಾಗ ನಾನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಅವರ ಮುಖ ನೋಡಿದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮೂಡಿಗೆರೆಯ ನನ್ನ ಶೆಡ್ಡಿಗೆ ಗಾಡಿ ಎತ್ತರಿಸಿಕೊಡಿ ಅಂತ ಬರುವವರೇ ಎಲ್ಲರೂ. ಎಸ್ಟೇಟ್ ರಸ್ತೆಯ ಕಲ್ಲು ತಳಕ್ಕೆ ಬಡಿಯುತ್ತೆ, ಸ್ಪ್ರಿಂಗ್ ಕಟ್ಟಿಗೆ ಇನ್ನೊಂದು ಪಟ್ಟಿ ಸೇರಿಸು, ಇದೇ ಮಾತು. ಇಳಿಸು ಅಂತ ಬಂದವರು ಇವರೊಬ್ಬರೇ.

ಕಾರಣ ಇತ್ತು. ಆ ತಿಂಗಳ ಕೊನೆಗೆ ದೇವರಮನೆ ಕಡೆಯ ಗುಡ್ಡದ ರಸ್ತೆಯಲ್ಲಿ ಪ್ಲಾಂಟರ್‌ಗಳು ತಮ್ಮತಮ್ಮಲ್ಲೇ ಒಂದು ರೇಸು ಇಟ್ಟುಕೊಂಡಿದ್ದರು. ಗಡಿಯಾರ ಹಿಡಿದು ಒಂದೊಂದೇ ಕಾರು ಬಿಡೋದು. ಕಾರು ತಗ್ಗಾಗಿದ್ದರೆ ತಿರುವಿನಲ್ಲಿ ವಾಲುವುದಿಲ್ಲ, ನೆಲ ಕಚ್ಚಿಕೊಂಡು ಹೋಗುತ್ತೆ ಅಂತ ಸಾಹುಕಾರ್ರು ಯಾವುದೋ ಪತ್ರಿಕೆಯಲ್ಲಿ ಓದಿದ್ದರು. ಅದು ಸುಳ್ಳೂ ಅಲ್ಲ. ಆದರೆ ರೇಸು ಮುಗಿದ ಮೇಲೆ ಅದೇ ಕಾರಿನಲ್ಲಿ ಹೆಂಡತಿ, ನಾಲ್ಕು ವರ್ಷದ ಮಗಳನ್ನು ಕೂರಿಸಿಕೊಂಡು ಎಸ್ಟೇಟ್ ರಸ್ತೆಯಲ್ಲಿ ಓಡಾಡಬೇಕಲ್ಲ? ಆಗಲ್ಲ ಅಂತ ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಈ ಸೀಮೆಯಲ್ಲಿ ಯಾರೂ ಮಾಡದ ಕೆಲಸ ಅನ್ನೋ ಆಸೆ ನನಗೆ. ಕೈ ತುರಿಸುತ್ತಿತ್ತು.

ಆಗ ಎಲ್ಲರ ಹತ್ತಿರ ಇದ್ದ ಎರಡು ತರದ ಕಾರುಗಳಲ್ಲಿ ಇದು ಸಣ್ಣದು. ಮುಂದೆ ಸುರುಳಿ ಸ್ಪ್ರಿಂಗು, ಹಿಂದೆ ಪಟ್ಟಿ ಸ್ಪ್ರಿಂಗು. ಅಸಲಿ ಸ್ಪ್ರಿಂಗುಗಳನ್ನು ಕತ್ತರಿಸೋಕೆ ನನಗೆ ಧೈರ್ಯ ಆಗಲಿಲ್ಲ, ಕತ್ತರಿಸಿದ್ದು ಮತ್ತೆ ಬೆಳೆಯುತ್ತದೆಯೇ? ಚಿಕ್ಕಮಗಳೂರಿನ ಗುಜರಿಯಿಂದ ಇನ್ನೊಂದು ಜೊತೆ ತಂದು ಅದರ ಒಂದೂವರೆ ಸುತ್ತು ಕತ್ತರಿಸಿದೆ. ಗ್ಯಾಸ್ ಬೆಂಕಿ ತೋರಿಸಿದರೆ ಉಕ್ಕಿನ ಹದ ಹೋಗುತ್ತದೆ ಅಂತ ಗರಗಸದಲ್ಲೇ ಕೊಯ್ದೆ, ಒಂದು ಇಡೀ ದಿನ ಹಿಡಿಯಿತು. ಹಿಂದಿನ ಕಟ್ಟಿನಿಂದ ಎರಡೆರಡು ಪಟ್ಟಿ ತೆಗೆದು, ಚಕ್ರದ ಅಚ್ಚಿಗೂ ಕಟ್ಟಿಗೂ ನಡುವೆ ಒಂದು ಕಬ್ಬಿಣದ ತುಂಡು ಇಟ್ಟು ಬಿಗಿದೆ. ಅಸಲಿ ಸ್ಪ್ರಿಂಗು, ಪಟ್ಟಿಗಳಿಗೆ ಗ್ರೀಸ್ ಬಳಿದು ಗೋಣಿಯಲ್ಲಿ ಸುತ್ತಿ ಶೆಡ್ಡಿನ ಅಟ್ಟದ ಮೇಲಿಟ್ಟೆ.

"ಅದನ್ನ ಯಾಕೆ ಇಡ್ತೀಯಾ? ಹೊಳೆಗೆ ಎಸಿ," ಅಂತ ನಕ್ಕರು ಸಾಹುಕಾರ್ರು.

ಕೆಲಸ ಮುಗಿದ ಮೇಲೆ ನಾಲ್ಕು ಜನ ಕೂರಿಸಿ, ಡಿಕ್ಕಿಯಲ್ಲಿ ಎರಡು ಮೂಟೆ ಇಟ್ಟು, ಸ್ಟೇರಿಂಗ್ ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ, ಪ್ರತಿ ಚಕ್ರದ ಸುತ್ತ ಬೆರಳು ಹಾಕಿ ನೋಡಿದೆ. ನನಗೆ ಕೆಲಸ ಕಲಿಸಿದ ಉಸ್ತಾದ್ ಮಂಗಳೂರಿನ ಬಂದರಿನ ಹತ್ತಿರ ಗ್ಯಾರೇಜ್ ಇಟ್ಟಿದ್ದವರು. "ತಿರುಗೋ ಟೈರಿಗೂ ತಿರುಗದ ವಸ್ತುವಿಗೂ ಎರಡು ಬೆರಳಿನ ಸಂದು ಇರ್ಬೇಕು, ಅದು ಇದ್ರೆ ನಿದ್ದೆ ಬರ್ತದೆ" ಅಂತ ಅವರ ಮಾತು. ಎಲ್ಲ ಕಡೆ ಎರಡು ಬೆರಳು ಹೋಯಿತು. ನನಗೂ ನಿದ್ದೆ ಬಂತು.

ರೇಸಿನಲ್ಲಿ ಸಾಹುಕಾರ್ರೇ ಮೊದಲು. ಜನ ಬಗ್ಗಿ ಬಗ್ಗಿ ಕಾರಿನ ತಳ ನೋಡಿ, ಯಾರು ಮಾಡಿದ್ದು ಅಂತ ಕೇಳಿದರು. ಒಂದು ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ.

ಆಮೇಲೆ ಶುರುವಾಯಿತು ನೋಡಿ.

ಮೊದಲು ಹೋಗಿದ್ದು ಅಚ್ಚು ಮೇಲೆದ್ದು ಬಡಿಯದ ಹಾಗೆ ತಡೆಯೋ ರಬ್ಬರ್ ದಿಂಡು. ಮೊದಲು ಅದಕ್ಕೆ ವರ್ಷಕ್ಕೊಮ್ಮೆ ಕೆಲಸ ಇತ್ತು, ಈಗ ಪ್ರತಿ ಗುಂಡಿಗೂ. ಮೂರು ವಾರದಲ್ಲಿ ಪುಡಿಪುಡಿ. ಹೊಸದು ಹಾಕಿದೆ. ಅದರ ಹಿಂದೆಯೇ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳು ಎಣ್ಣೆ ಕಾರಿದವು. ಕಾರು ತಗ್ಗಾದಾಗ ಶಾಕ್ ಯಾವಾಗಲೂ ಅರ್ಧ ಮಡಚಿಕೊಂಡೇ ಇರುತ್ತದೆ, ಕೆಲಸ ಮಾಡೋಕೆ ಜಾಗ ಇಲ್ಲ, ತಳ ಹೊಡೆದು ಹೊಡೆದು ಸೀಲು ಒಡೆಯುತ್ತದೆ. ಅದನ್ನೂ ಬದಲಾಯಿಸಿದೆ. ಮುಂದಿನ ಚಕ್ರಗಳು ಮೇಲ್ಗಡೆ ಒಳಕ್ಕೆ ವಾಲಿ ನಿಂತಿದ್ದರಿಂದ ಟೈರಿನ ಒಳ ಅಂಚು ಮಾತ್ರ ಸವೆದು ನೂಲು ಕಾಣುತ್ತಿತ್ತು. ಹೊರಗಿನಿಂದ ನೋಡಿದರೆ ಟೈರು ಹೊಸದರ ಹಾಗೆ! ಒಂದು ಸರಿ ಮಾಡಿದರೆ ಇನ್ನೊಂದು. ತಲೆಗೆ ಎಳೆದರೆ ಕಾಲಿಗಿಲ್ಲ, ಕಾಲಿಗೆ ಎಳೆದರೆ ತಲೆಗಿಲ್ಲ ಅನ್ನೋ ಕಂಬಳಿ ಆಗಿತ್ತು ಆ ಕಾರು.

ಏಪ್ರಿಲ್ ಕೊನೆಗೆ ತಳ ಬಿಚ್ಚಿ ನೋಡಿದಾಗ ಹಿಂದಿನ ಅಚ್ಚಿನ ನಡುವಿನ ಗೇರ್ ಗುಂಡು ಮೇಲೆದ್ದು, ಅದರ ಮೇಲೆ ಹಾಯ್ದು ಹೋಗಿದ್ದ ಬ್ರೇಕ್ ಪೈಪಿಗೆ ಬಡಿದ ಗುರುತು ಕಂಡಿತು. ಆಗಿನ ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಎಣ್ಣೆ ದಾರಿ. ಎಲ್ಲೋ ಒಂದು ಕಡೆ ತೂತಾದರೆ ನಾಲ್ಕೂ ಬ್ರೇಕ್ ಒಟ್ಟಿಗೇ ಹೋದ ಹಾಗೆ. ಅದಕ್ಕೆ ಅಲ್ಲಿಂದ ಆ ಪೈಪು ತೆಗೆದು, ಹೊಸ ಪೈಪು ಬಗ್ಗಿಸಿ, ಎಡ ಹಿಂದಿನ ಮಡ್‌ಗಾರ್ಡಿನ ಒಳಗೋಡೆಗೆ ಅಂಟಿಸಿದ ಹಾಗೆ ಕ್ಲಿಪ್ ಹಾಕಿ ಸುತ್ತಿಸಿಕೊಂಡು ತಂದೆ. ತುಕ್ಕು ಹಿಡಿಯಬಾರದು ಅಂತ ರೆಡ್ ಆಕ್ಸೈಡ್ ಅನ್ನೋ ಕೆಂಪು ಬಣ್ಣ ಬಳಿದೆ. ಟೈರಿಗೂ ಪೈಪಿಗೂ ನಡುವೆ ಬೆರಳು ಹಾಕಿದೆ. ಎರಡು ಬೆರಳು ಸಲೀಸಾಗಿ ಹೋಯಿತು.

"ಮಳೆಗಾಲಕ್ಕೆ ಮುಂಚೆ ಅಸಲಿ ಸ್ಪ್ರಿಂಗು ಹಾಕಿಬಿಡೋಣ ಸಾಹುಕಾರ್ರೇ," ಅಂದೆ.

"ನೋಡುವ, ನೋಡುವ," ಅಂದರು. ಅವರ 'ನೋಡುವ' ಅಂದರೆ ಇಲ್ಲ ಅಂತ ಅರ್ಥ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ತಿಂಗಳ ಕೊನೆಯ ಒಂದು ಬೆಳಿಗ್ಗೆ ಎಂಟೂವರೆಗೆ ಸಾಹುಕಾರ್ರ ಎಸ್ಟೇಟಿನ ಡ್ರೈವರಣ್ಣ ಬಸ್ಸಿಳಿದು, ಕೊಡೆ ಒದರುತ್ತಾ ಶೆಡ್ಡಿಗೆ ಬಂದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಜೀಪು ಓಡಿಸುತ್ತಲೇ ತಲೆ ನೆರೆತವರು.

"ಚೈನಿನ ಅಡ್ಡಕೊಂಡಿ ಒಂದು ತುಂಡಾಯ್ತು ಮಾರಾಯ. ಇದೇ ಸೈಜಿಂದು ಇದ್ರೆ ಕೊಡು," ಅಂತ ಜೇಬಿನಿಂದ ಒಂದು ಗೇಣಿನ ಕೊಂಡಿ ತುಂಡು ತೆಗೆದು ಬೆಂಚಿನ ಮೇಲಿಟ್ಟರು.

ನಮ್ಮ ಕಡೆ ಎಲ್ಲರಿಗೂ ಗೊತ್ತಿರೋ ವಿಷಯ. ಮಳೆಗಾಲದಲ್ಲಿ ಎಸ್ಟೇಟಿನ ಕೆಸರು ರಸ್ತೆ ಹತ್ತೋಕೆ ಹಿಂದಿನ ಟೈರುಗಳಿಗೆ ಕಬ್ಬಿಣದ ಚೈನು ಸುತ್ತುತ್ತಾರೆ. ಟಾರ್ ರಸ್ತೆ ಬಂದ ಕೂಡಲೇ ಬಿಚ್ಚಿ ಡಿಕ್ಕಿಗೆ ಹಾಕುತ್ತಾರೆ. ನಾನು ಹುಟ್ಟಿ ಬೆಳೆದಿದ್ದೇ ಈ ಚೈನಿನ ಸದ್ದು ಕೇಳಿಕೊಂಡು.

"ಯಾವ ಗಾಡೀದು, ಜೀಪಿಂದಾ?" ಅಂತ ಕೇಳಿದೆ.

"ಅಲ್ಲ, ಕಾರಿಂದು. ಎಡಗಡೇದು. ಎರಡು ವಾರದಿಂದ ಚೈನು ಹಾಕೇ ಓಡಿಸ್ತಿದ್ದೀವಿ. ಈ ಕೊಂಡಿ ತುಂಡಾಗಿ ಎರಡು ಮೂರು ದಿನದಿಂದ ಮಡ್‌ಗಾರ್ಡಿನ ಒಳಗೆ ಪಟಪಟ ಹೊಡೀತಿತ್ತು."

ತುಂಡನ್ನು ಕೈಗೆ ತಗೊಂಡೆ. ಕೊನೆಯಲ್ಲಿ ಕೆಂಪು ಹತ್ತಿತ್ತು. ಕೆಮ್ಮಣ್ಣು ಇರಬೇಕು ಅಂತ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದೆ. ಮಣ್ಣು ಹೋಯಿತು. ಕೆಂಪು ಹೋಗಲಿಲ್ಲ. ಉಗುರಿನಿಂದ ಕೆರೆದೆ. ಅದು ನಾನು ಬಳಿದ ರೆಡ್ ಆಕ್ಸೈಡ್.

ಅಯ್ಯೋ ದೇವರೇ! ಎರಡು ಬೆರಳಿನ ಲೆಕ್ಕ ನನಗೆ ಕೊಟ್ಟ ಉಸ್ತಾದ್ ಸಮುದ್ರದ ಬದಿಯವರು, ಚೈನು ಕಟ್ಟಿದ ಟೈರನ್ನು ಜನ್ಮದಲ್ಲಿ ನೋಡಿರಲಿಕ್ಕಿಲ್ಲ. ನನಗೇನಾಗಿತ್ತು ಧಾಡಿ? ಏಪ್ರಿಲ್ ಬಿಸಿಲಲ್ಲಿ ಕೂತು, ಬರೀ ಟೈರಿಗೆ ಅಳತೆ ಹಿಡಿದು ಪೈಪು ಕೂರಿಸಿದ್ದೆ. ಮಲೆನಾಡಿನವನಾಗಿ ಮಳೆಗಾಲ ಮರೆತಿದ್ದೆ.

"ಕಾರು ಈಗ ಎಲ್ಲಿದೆ ಡ್ರೈವರಣ್ಣ?"

"ಮಗೂಗೆ ಕಿವಿ ನೋವು, ಜ್ವರ ಬೇರೆ. ಮಂಗಳೂರಲ್ಲಿ ಕಿವಿ ಡಾಕ್ಟ್ರು ಇವತ್ತು ಸಂಜೆ ನೋಡ್ತಾರಂತೆ. ಸಾಹುಕಾರ್ರೇ ಓಡಿಸ್ಕೊಂಡು ಹೋಗ್ತಾರೆ, ಅಮ್ಮಾವ್ರೂ ಮಗೂನೂ. ಒಂಬತ್ತೂವರೆ ಹತ್ತಕ್ಕೆ ಹೊರಡ್ತೀವಿ ಅಂದಿದ್ರು."

ಮಂಗಳೂರಿಗೆ ಅಂದರೆ ಚಾರ್ಮಾಡಿ ಘಾಟಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಕಾದ ರಸ್ತೆ.

ಪೋಸ್ಟಾಫೀಸಿಗೆ ಓಡಿ ಎಸ್ಟೇಟಿಗೆ ಫೋನ್ ಹಾಕಿಸಿದೆ. ಬಣಕಲ್ ಆಚೆ ಮರ ಬಿದ್ದು ಲೈನು ಕಡಿದಿದೆ ಅಂದರು. ಮೋಟಾರ್ ಸೈಕಲ್ ತೆಗೆದೆ. ಡ್ರೈವರಣ್ಣ ಹಿಂದೆ ಕೂತರು. ಒಂದು ಸ್ಪ್ಯಾನರ್, ಒಂದು ಟಾರ್ಚು ಜೇಬಿಗೆ ಹಾಕಿಕೊಂಡಿದ್ದೆ ಅಷ್ಟೇ. ಬಣಕಲ್ ದಾಟುವಾಗ ಮಂಜು, ಎದುರಿನ ಲಾರಿ ಹಾರ್ನ್ ಕೇಳಿದ ಮೇಲೇ ಕಾಣುತ್ತಿತ್ತು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಲೆಕ್ಕ. ಕೊಂಡಿ ಎಷ್ಟು ಸಲ ಹೊಡೆದಿರಬಹುದು? ಚಕ್ರ ಒಂದು ಸುತ್ತು ಬಂದರೆ ಒಂದು ಏಟು. ಎರಡು ಮೂರು ದಿನ. ಲೆಕ್ಕ ಹಾಕಬೇಡ ಅಂದರೂ ಮನಸ್ಸು ಕೇಳುತ್ತಿರಲಿಲ್ಲ.

"ಮೆಲ್ಲ ಹೋಗು ಮಾರಾಯ, ನಾವೇ ಮೊದ್ಲು ಸತ್ರೆ ಅವ್ರಿಗೆ ಹೇಳೋರು ಯಾರು?" ಅಂತ ಡ್ರೈವರಣ್ಣ ಹಿಂದಿನಿಂದ ಕಿರುಚಿದರು.

ಕೊಟ್ಟಿಗೆಹಾರದಲ್ಲಿ ರಸ್ತೆ ಎರಡಾಗುತ್ತದೆ. ಒಂದು ಬಾಳೂರು, ಕಳಸ ಕಡೆಗೆ, ಇನ್ನೊಂದು ಘಾಟಿಗೆ. ಮೂಲೆಯ ಹೋಟೆಲಿನವರನ್ನು ಕೇಳಿದೆ. "ತಗ್ಗು ಕಾರಾ? ಇನ್ನೂ ಬಂದಿಲ್ಲಪ್ಪ. ಬಂದಿದ್ರೆ ಬೋಂಡಕ್ಕೆ ನಿಲ್ಲಿಸ್ತಿದ್ರು," ಅಂದರು. ಅರ್ಧ ಜೀವ ಬಂತು. ಆದರೆ ಬಾಳೂರಿಂದ ಇಲ್ಲಿಗೆ ಬರೋ ರಸ್ತೆಯಲ್ಲಿ ಇಳಿಜಾರು ಇಲ್ಲವೇ? ಎದುರು ಹೋಗಲಾ, ಇಲ್ಲೇ ನಿಲ್ಲಲಾ? ಮಂಜಿನಲ್ಲಿ ಎದುರೆದುರು ತಪ್ಪಿಸಿಕೊಂಡು ಹೋದರೆ ಮುಗಿಯಿತು. ನಿಂತೆ. ಹೋಟೆಲಿನವರು ಕೊಟ್ಟ ಕಾಫಿ ಕೈಯಲ್ಲೇ ಆರಿತು. ಜೀವನದಲ್ಲಿ ಅಷ್ಟು ಉದ್ದದ ಇಪ್ಪತ್ತು ನಿಮಿಷ ನಾನು ಕಂಡಿಲ್ಲ.

ಮಂಜಿನಿಂದ ಆ ಎರಡು ತಗ್ಗು ಲೈಟು ಕಂಡಾಗ ನಡು ರಸ್ತೆಗೆ ಹೋಗಿ ಎರಡೂ ಕೈ ಎತ್ತಿದೆ. ಕಾರು ಸರಿಯಾಗೇ ನಿಂತಿತು.

"ಏನಾಯ್ತೋ ಮಾರಾಯ?" ಅಂತ ಸಾಹುಕಾರ್ರು ಗಾಜು ಇಳಿಸಿದರು. ಬಿಳಿ ಅಂಗಿ, ಕ್ರಾಪು. ಹಿಂದಿನ ಸೀಟಿನಲ್ಲಿ ಅಮ್ಮಾವ್ರ ತೊಡೆಯ ಮೇಲೆ ಮಗು ಕಿವಿಗೆ ಉಣ್ಣೆ ಟೋಪಿ ಹಾಕಿಕೊಂಡು ನರಳುತ್ತಿತ್ತು.

ಹೇಳಿದೆ. "ಬ್ರೇಕ್ ಪೈಪಿಗೆ ಚೈನಿನ ಕೊಂಡಿ ಹೊಡೆದಿದೆ. ಪೈಪು ಅಲ್ಲಿ ಹಾಕಿದ್ದು ನಾನೇ. ಚೈನು ನೆನಪಾಗಲಿಲ್ಲ, ತಪ್ಪು ನನ್ನದು. ಈ ಕಾರು ಘಾಟಿ ಇಳೀಬಾರ್ದು."

ರಸ್ತೆಯ ನೀರಿನಲ್ಲೇ ಮಲಗಿ ಕೈ ಹಾಕಿದೆ. ಪೈಪಿನ ಮೇಲೆ ಬೆರಳು ಓಡಿಸಿದಾಗ ಒಂದು ಗೇಣಿನುದ್ದ ಚಪ್ಪಟೆ, ನಡುವೆ ಒಂದು ಕಡೆ ಚೂಪು ಕಚ್ಚು. ಟಾರ್ಚು ಬಿಟ್ಟೆ. ಬಣ್ಣ ಹೋಗಿ ಲೋಹ ಥಳಥಳ ಹೊಳೆಯುತ್ತಿತ್ತು.

"ಸೋರ್ತಾ ಇದೆಯಾ?" ಸಾಹುಕಾರ್ರು ಕೇಳಿದರು.

"ಇಲ್ಲ."

ಅವರು ಪೆಡಲ್ ಮೇಲೆ ಮೂರು ಸಲ ಜೋರಾಗಿ ತುಳಿದರು. "ನೋಡು, ಕಲ್ಲಿನ ಹಾಗಿದೆ. ಆ ಡಾಕ್ಟ್ರು ಸಿಗೋದು ವಾರಕ್ಕೊಂದು ದಿನ. ಮಗು ಮೂರು ರಾತ್ರಿಯಿಂದ ಮಲಗಿಲ್ಲ. ನಿಧಾನಕ್ಕೆ ಹೋಗ್ತೀನಿ, ಬಂದ್ಮೇಲೆ ನಿನ್ನ ಶೆಡ್ಡಿಗೇ ಬಿಡ್ತೀನಿ. ದಾರಿ ಬಿಡು."

"ಬಸ್ಸಲ್ಲಿ ಹೋಗಿ ಸಾಹುಕಾರ್ರೇ, ಕೈ ಮುಗೀತೀನಿ."

"ಜ್ವರ ಬಂದ ಮಗೂನ ಬಸ್ಸಲ್ಲಿ ನಿಲ್ಲಿಸ್ಕೊಂಡು ಹೋಗ್ಲಾ? ನೀನೇ ಮಾಡಿದ ಕೆಲಸ, ನೀನೇ ಹೆದರ್ತೀಯಾ? ಏಳು, ಏಳು." ಗೇರ್ ಹಾಕಿದ ಸದ್ದು ಕೇಳಿತು.

ನಾನಿನ್ನೂ ಕಾರಿನ ಪಕ್ಕದಲ್ಲಿ ಮಂಡಿಯೂರಿದ್ದೆ. ಸೋರದೇ ಇರೋ ಪೈಪನ್ನು ತೋರಿಸಿ ಯಾರನ್ನು ನಂಬಿಸಲಿ? "ಒಂದು ನಿಮಿಷ, ಒಂದೇ ಒಂದು ಸಲ ನೋಡ್ತೀನಿ," ಅಂತ ಮತ್ತೆ ತೂರಿದೆ. ಜೇಬಿನಿಂದ ಸ್ಪ್ಯಾನರ್ ತೆಗೆದು ಪೈಪು ಕೂಡುವ ನಟ್ಟನ್ನು ಪೂರ್ತಿ ಬಿಚ್ಚಿಬಿಟ್ಟೆ. ಬ್ರೇಕ್ ಆಯಿಲ್ ಮೊಣಕೈವರೆಗೆ ಇಳಿಯಿತು.

ಎದ್ದು ಬಂದು, "ಈಗ ತುಳೀರಿ," ಅಂದೆ.

ತುಳಿದರು. ಪೆಡಲ್ ತಳಕ್ಕೆ ಹೋಗಿ ಕೂತಿತು. ಅವರ ಮುಖ ಕೆಂಪಾಯಿತು. ಬಾಗಿಲು ತಳ್ಳಿ ಇಳಿದು ನನ್ನ ಕೊರಳಪಟ್ಟಿ ಹಿಡಿದರು. "ನನ್ನ ಕಾರು ಕೆಡಿಸ್ತೀಯೇನೋ? ಯಾವ ಧೈರ್ಯ ನಿನಗೆ?" ಎತ್ತಿದ ಕೈ ಇನ್ನೇನು ಬೀಳುತ್ತಿತ್ತು. ಒಳಗಿನಿಂದ ಅಮ್ಮಾವ್ರು, "ಬೇಡ ರೀ, ಮಗು ಹೆದರುತ್ತೆ," ಅಂದರು. ಕೈ ಇಳಿಯಿತು. "ಇನ್ನು ನಮ್ಮ ಎಸ್ಟೇಟಿಂದು ಒಂದು ಗಾಡಿ ನಿನ್ನ ಶೆಡ್ಡಿಗೆ ಬರಲ್ಲ. ನಮ್ಮದೊಂದೇ ಅಲ್ಲ, ಯಾರದ್ದೂ ಬರದ ಹಾಗೆ ಮಾಡ್ತೀನಿ," ಅಂದರು.

ಮಂಗಳೂರು ಬಸ್ಸು ಬಂದಾಗ ಡ್ರೈವರಣ್ಣ ಕಂಡಕ್ಟರ್‌ಗೆ ಹೇಳಿ ಮುಂದಿನ ಸೀಟು ಖಾಲಿ ಮಾಡಿಸಿದರು. ಅಮ್ಮಾವ್ರು ಹತ್ತುವ ಮುಂಚೆ ಒಂದು ಸಲ ನನ್ನ ಕಡೆ ನೋಡಿದರು. ಬೈದ ನೋಟವೂ ಅಲ್ಲ, ಮೆಚ್ಚಿದ ನೋಟವೂ ಅಲ್ಲ.

ನಾನು ಅಲ್ಲೇ ಪೈಪು ಬಿಚ್ಚಿದೆ. ಮಾರನೇ ದಿನ ಬೇರೆ ಪೈಪು ಹಾಕಿ ಕಾರನ್ನು ತೆವಳಿಸಿಕೊಂಡು ಶೆಡ್ಡಿಗೆ ತಂದೆ. ಆಮೇಲಿನ ಮೂರು ದಿನ ನನಗೆ ಊಟ ಸೇರಲಿಲ್ಲ. ಸರ್ವಿಸಿಗೆ ಬರಬೇಕಿದ್ದ ಎರಡು ಜೀಪು ಬರಲಿಲ್ಲ. ದಾರಿಯಲ್ಲಿ ಸಿಕ್ಕವರು, "ಏನು, ಕಾರು ರಿಪೇರಿ ಮಾಡೋದು ಬಿಟ್ಟು ಕೆಡಿಸೋಕೆ ಶುರು ಮಾಡಿದ್ಯಂತೆ?" ಅಂತ ನಗುತ್ತಿದ್ದರು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ನಿಜವಾಗಿ ಆ ಪೈಪು ಒಡೆಯುತ್ತಿತ್ತಾ? ಒಡೆಯದೇ ಇದ್ದಿದ್ದರೆ ನಾನು ಬರೀ ಹೆದರುಪುಕ್ಕಲ, ಕಾಯಿಲೆ ಮಗುವನ್ನು ಬಸ್ಸಿಗೆ ಹತ್ತಿಸಿದ ಪಾಪಿ. ಒಂದು ಸಲ ಪೈಪನ್ನು ಕೈಯಲ್ಲಿ ಹಿಡಿದಾಗ ಮನಸ್ಸು ಹೇಳಿತು, ಸ್ವಲ್ಪ ಬಗ್ಗಿಸು, ಯಾರಿಗೂ ಗೊತ್ತಾಗಲ್ಲ. ಥೂ ಅನ್ನಿಸಿತು. ಅದನ್ನು ಬಟ್ಟೆಯಲ್ಲಿ ಸುತ್ತಿ, "ಇದು ನಿಮ್ಮ ಹತ್ರ ಇರ್ಲಿ, ನನ್ನ ಕೈಗೆ ಕೊಡ್ಬೇಡಿ," ಅಂತ ಡ್ರೈವರಣ್ಣನಿಗೆ ಕೊಟ್ಟುಬಿಟ್ಟೆ.

ನಾಲ್ಕನೇ ದಿನ ಮಧ್ಯಾಹ್ನ ಸಾಹುಕಾರ್ರು ಜೀಪಿನಲ್ಲಿ ಬಂದರು. ಜೊತೆಗೆ ಅಮ್ಮಾವ್ರು, ಕಿವಿಗೆ ಹತ್ತಿ ಇಟ್ಟುಕೊಂಡ ಮಗು, ಪೈಪು ಸುತ್ತಿದ್ದ ಬಟ್ಟೆ ಹಿಡಿದ ಡ್ರೈವರಣ್ಣ.

"ನಮ್ಮನೆಯವ್ರು ನಾಲ್ಕು ದಿನದಿಂದ ಪ್ರಾಣ ತಿಂತಿದ್ದಾರೆ," ಅಂದರು ಸಾಹುಕಾರ್ರು. "ನೋಡೇಬಿಡುವ. ಆ ಪೈಪು ಒಡೀಲಿಲ್ಲ ಅಂದ್ರೆ ನೀನು ಈ ಶೆಡ್ಡಿನ ಬೋರ್ಡು ಇಳಿಸು."

ಹಳೇ ಬ್ರೇಕ್ ಪೆಡಲ್ಲು, ಅದರ ಸಿಲಿಂಡರು ಎರಡನ್ನೂ ಬೆಂಚಿನ ಕಾಲಿಗೆ ಬೋಲ್ಟ್ ಹಾಕಿ ನಿಲ್ಲಿಸಿದೆ. ಆ ಪೈಪು ಜೋಡಿಸಿ, ಇನ್ನೊಂದು ತುದಿ ಬಿಗಿಯಾಗಿ ಮುಚ್ಚಿ, ಆಯಿಲ್ ತುಂಬಿಸಿ ಗಾಳಿ ತೆಗೆದೆ. ನಟ್ಟು ಎರಡು ಸಲ ನನ್ನ ಕೈಯಿಂದ ಜಾರಿ ಕೆಳಗೆ ಬಿತ್ತು.

ಸಾಹುಕಾರ್ರು ಸ್ಟೂಲಿನ ಮೇಲೆ ಕೂತು ತುಳಿದರು. ಪೈಪು ಅಲ್ಲಾಡಲಿಲ್ಲ. ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಎರಡನೇ ಸಲ ತುಳಿದರು, ಇನ್ನೂ ಜೋರಾಗಿ. ಒಂದು ಹನಿ ಇಲ್ಲ. ಸಾಹುಕಾರ್ರು ಎದ್ದರು.

"ಕೂತ್ಕೊಳಿ," ಅಂದರು ಅಮ್ಮಾವ್ರು. ಮಗುವನ್ನು ಸೊಂಟಕ್ಕೆ ಎತ್ತಿಕೊಂಡಿದ್ದರು. "ಘಾಟೀಲಿ ತಿರುವಿನಲ್ಲಿ ಎದುರು ಲಾರಿ ಬಂದ್ರೆ ತುಳೀತೀರಲ್ಲ, ಹಾಗೆ ತುಳೀರಿ."

ಅವರು ಮತ್ತೆ ಕೂತರು. ಎರಡೂ ಕೈಯಲ್ಲಿ ಬೆಂಚಿನ ಅಂಚು ಹಿಡಿದು, ಹಲ್ಲು ಕಚ್ಚಿ, ಮೈಭಾರ ಎಲ್ಲ ಬಿಟ್ಟು ತುಳಿದರು. ಚಿಳ್ ಅಂತ ಒಂದು ಸಣ್ಣ ಸದ್ದು. ಆ ಚೂಪು ಕಚ್ಚಿನ ಜಾಗದಿಂದ ಆಯಿಲ್ ಚಿಮ್ಮಿ ಅವರ ಅಂಗಿಯ ಎದೆ ತುಂಬಾ ಹಾರಿತು. ಪೆಡಲ್ ತಳಕ್ಕೆ ಹೋಗಿ ನಿಂತಿತು.

"ಅಪ್ಪನ ಅಂಗಿ ಗಲೀಜು!" ಅಂತ ಮಗು ಕೈತಟ್ಟಿ ನಕ್ಕಿತು.

ಬೇರೆ ಯಾರೂ ನಗಲಿಲ್ಲ. ಅಮ್ಮಾವ್ರು ಮಗುವಿನ ತಲೆಯನ್ನು ಹೆಗಲಿಗೆ ಒತ್ತಿಕೊಂಡು ಹೊರಗೆ ಹೋಗಿ ಮಳೆ ನೋಡುತ್ತಾ ನಿಂತರು. ಸಾಹುಕಾರ್ರು ಪೆಡಲ್ ಮೇಲಿಂದ ಕಾಲೇ ತೆಗೆಯಲಿಲ್ಲ. ಹಾಗೇ ಕೂತು ಕೇಳಿದರು, "ಆ ಹಳೇ ಸ್ಪ್ರಿಂಗು ಇನ್ನೂ ಅಟ್ಟದ ಮೇಲೆ ಇವೆಯಾ?"

"ಇವೆ."

ನಾನು ಏಣಿ ತರೋಕೆ ತಿರುಗಿದೆ. ಅವರೇ ನನ್ನನ್ನು ಪಕ್ಕಕ್ಕೆ ಸರಿಸಿ ಏಣಿ ಇಟ್ಟು ಹತ್ತಿದರು. ಗೋಣಿಗಂಟನ್ನು ಹೆಗಲ ಮೇಲೆ ಹೊತ್ತು ತಂದು ನನ್ನ ಮುಂದೆ ಇಳಿಸಿದರು. "ಇದು ಹಾಕೋವರೆಗೂ ನಾವು ಇಲ್ಲೇ ಇರ್ತೀವಿ," ಅಂದರು. ಕ್ಷಮಿಸು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತಪ್ಪಿನ ಮೊದಲನೇ ಪಾಲು ನನ್ನದೇ.

ಸಂಜೆ ಐದರ ಹೊತ್ತಿಗೆ ಕಾರು ತನ್ನ ಹಳೇ ಎತ್ತರಕ್ಕೆ ಬಂದು ನಿಂತಿತು. ಬ್ರೇಕ್ ಪೈಪನ್ನೂ ಹಳೇ ದಾರಿಯಲ್ಲೇ ಕೂರಿಸಿದೆ. ಕೊನೆಗೆ ಅಭ್ಯಾಸಬಲದಿಂದ ಎಡ ಹಿಂದಿನ ಟೈರಿಗೂ ಒಳಗೋಡೆಗೂ ನಡುವೆ ಎರಡು ಬೆರಳು ಹಾಕಿ ನೋಡುತ್ತಿದ್ದೆ. ಡ್ರೈವರಣ್ಣ ಬೆಂಚಿನ ಮೇಲಿದ್ದ ಆ ತುಂಡು ಕೊಂಡಿ ತಗೊಂಡು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. ಅದನ್ನು ನನ್ನ ಬೆರಳಿನ ಪಕ್ಕದಲ್ಲಿ ತೂರಿಸಿ, ಆ ಕಡೆ ಈ ಕಡೆ ಅಲ್ಲಾಡಿಸಿ ನೋಡಿದರು.

"ಹ್ಞೂಂ, ಈಗ ಸರಿ," ಅಂದರು. ಕೊಂಡಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.